ಪಹಣಿಯಲ್ಲಿ ‘ಖರಾಬು’ ಅಂದರೆ ಯಾರಿಗೆ ಖರಾಬು?

ಬೆಳೆ ಬಾರದ ಗುಡ್ಡ, ಬಂಡೆ, ಹಳ್ಳ, ಸ್ಮಶಾನ. ಇವೆಲ್ಲಕ್ಕೂ ನಮ್ಮ ಪಹಣಿಯಲ್ಲಿ ಒಂದೇ ಹೆಸರು: ಖರಾಬು. ಸಾಗುವಳಿಗೆ ಬಾರದ್ದು ‘ಅ’ ಖರಾಬು, ಸಾರ್ವಜನಿಕ ಬಳಕೆಯದ್ದು ‘ಬ’ ಖರಾಬು. ಎರಡಕ್ಕೂ ಕಂದಾಯವಿಲ್ಲ. ಕಂದಾಯ ಬಾರದ ನೆಲ ಕೆಟ್ಟ ನೆಲ, ಲೆಕ್ಕ ಇಷ್ಟೇ. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ಇಂಥ ನೆಲಕ್ಕೆ ‘ಪೊರಂಬೋಕು’ ಅನ್ನುತ್ತಿದ್ದರು. ಪದ ಬದಲಾಯಿತು, ನೋಟ ಬದಲಾಗಲಿಲ್ಲ. ನೆಲವನ್ನು ಒಮ್ಮೆ ಹೀಗೆ ಕರೆದ ಮೇಲೆ ಅಲ್ಲಿ ಕ್ವಾರಿ ತೆರೆಯುವುದು ಎಷ್ಟು ಸಲೀಸು, ಯೋಚಿಸಿ.

ಇದೇ ನೆಲದ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ? ಬಳ್ಳಾರಿ ಪಕ್ಕದ ಕಪ್ಪಗಲ್ಲು, ಸಂಗನಕಲ್ಲು, ಕುಡುತಿನಿ ಸುತ್ತ ಬೂದಿದಿಬ್ಬಗಳಿವೆ. 19ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಓಡಾಡಿದ ಸೇನಾಧಿಕಾರಿ ನ್ಯೂಬೋಲ್ಡ್, ಜನ ಹೇಳಿದ ಕತೆಯನ್ನೂ ಬರೆದಿಟ್ಟ: ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯಂತೆ ಇದು. ಆಮೇಲೆ ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಇದು ಸಗಣಿ ಸುಟ್ಟ ಬೂದಿ ಎಂದ. ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಿದ್ದ ಜಾಗ ಎಂದು ರೇಮಂಡ್ ಆಲ್ಚಿನ್ 1963ರ ಪುಸ್ತಕದಲ್ಲಿ ವಾದಿಸಿದರು. ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ಜನ ದನ ಕಟ್ಟಿ ಬದುಕಿದ್ದರು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಉತ್ಖನನದಲ್ಲೂ ಅದೇ ಕಾಲದ ಊರು ಸಿಕ್ಕಿದೆ. ನಾವು ಖರಾಬು ಅನ್ನುವಂಥ ಬಂಡೆಗುಡ್ಡಗಳೇ ಅವರಿಗೆ ಮನೆ, ಕಲ್ಲುಕೊಡಲಿಯ ಕಾರ್ಖಾನೆ, ಚಿತ್ರ ಕೆತ್ತುವ ಗೋಡೆ ಎಲ್ಲವೂ ಆಗಿದ್ದವು.

ಇನ್ನು ಶಾಸನಗಳು. ಕುರುಗೋಡು ಸಿಂದರ ಊರು. ಆ ಕಾಲದ ದಾನಶಾಸನಗಳಲ್ಲಿ ಹೊಲದ ಗಡಿ ಅಂದರೆ ಸರ್ವೆ ನಂಬರ್ ಅಲ್ಲ. ಹಳ್ಳ, ಮರ, ಬಂಡೆ, ಕೆರೆಯ ಏರಿ. ಎರೆ ಯಾವುದು, ಗದ್ದೆ ಯಾವುದು, ಹೂದೋಟ ಎಲ್ಲಿ ಅನ್ನುವುದು ಬೇರೆ ಬೇರೆಯಾಗಿ ನಮೂದಾಗುತ್ತದೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಕೆರೆಕೊಡಗೆ ಎಂಬ ಹೆಸರುಗಳೇ ಇದ್ದವು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗ, ಕೆರೆಗೆ ಇರಬಾರದ 6 ದೋಷ ಯಾವುವು ಎಂದು ಅದು ಪಟ್ಟಿ ಕೊಡುತ್ತದೆ. ಇಂಜಿನಿಯರಿಂಗ್ ಓದಿದ ನನಗೆ ಅದು ಪಕ್ಕಾ ಡಿಸೈನ್ ಮ್ಯಾನ್ಯುಯಲ್ ಥರ ಕಾಣುತ್ತದೆ.

ಹಾಗಂತ ‘ನಮ್ಮ ಪೂರ್ವಜರು ಪ್ರಕೃತಿ ಪ್ರೇಮಿಗಳು’ ಎಂಬ ವಾಟ್ಸಾಪ್ ಫಾರ್ವರ್ಡ್‌ಗೆ ಇಳಿಯುವುದು ಬೇಡ. ಶಾಸನ ಬರೆಸಿದವರು ದಾನಿಗಳು. ಕೆರೆ ತೋಡಿದವರ ಹೆಸರು ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. 1520ರ ಆಸುಪಾಸು ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಲ್ಲಿ ಕೆರೆ ಕಟ್ಟಲು ಸಾವಿರಾರು ಜನ ದುಡಿಯುತ್ತಿದ್ದುದನ್ನು ಬರೆದಿದ್ದಾನೆ. ಕಟ್ಟೆ ನಿಲ್ಲಲಿ ಎಂದು ಮನುಷ್ಯರನ್ನು ಬಲಿ ಕೊಟ್ಟದ್ದನ್ನೂ ಬರೆದಿದ್ದಾನೆ. ಬ್ರಿಟಿಷರ 1904ರ ಬಳ್ಳಾರಿ ಗೆಜೆಟಿಯರ್ ಮಳೆ, ಬೆಳೆ, ಬರಗಾಲವನ್ನೆಲ್ಲ ದಾಖಲಿಸುತ್ತದೆ, ಆದರೆ ಆಳುವವರ ಕಣ್ಣಿನಿಂದ. ಪ್ರತಿ ದಾಖಲೆಗೂ ಒಂದು ಕಣ್ಣಿದೆ, ಒಂದು ಕುರುಡೂ ಇದೆ. ಅದಕ್ಕೇ ಒಂದನ್ನೇ ನಂಬಬಾರದು, ಪಕ್ಕಪಕ್ಕ ಇಟ್ಟು ಓದಬೇಕು.

ಓದಿದರೆ ಏನು ಉಪಯೋಗ? ಸಿರುಗುಪ್ಪ ನೋಡಿ. ವಿಜಯನಗರ ಕಾಲದ ಕಾಲುವೆ ಇಂದಿಗೂ ಅಲ್ಲಿನ ಭತ್ತದ ಗದ್ದೆಗಳಿಗೆ ನೀರು ಕೊಡುತ್ತಿದೆ. 1953ರಲ್ಲಿ ನೀರು ಹರಿಸಲು ಶುರು ಮಾಡಿದ ತುಂಗಭದ್ರಾ ಅಣೆಕಟ್ಟೆಯ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ, ಕಾರಣ ಹೂಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಯಿತು. ಆಮೇಲೆ ನಡೆದ ಚರ್ಚೆಯೆಲ್ಲ ಎಷ್ಟು ಟಿಎಂಸಿ, ಯಾವ ಪಕ್ಷದ ತಪ್ಪು ಅನ್ನುವುದರ ಸುತ್ತಲೇ. ಕಟ್ಟುಕೊಡಗೆಯ ಕಾಲದವರು ಕೇಳಿದ್ದ ಪ್ರಶ್ನೆ ಬೇರೆ: ಕಟ್ಟಿದ್ದಾಯಿತು, ಮುಂದೆ ನೋಡಿಕೊಳ್ಳುವವರು ಯಾರು, ಅವರ ಅನ್ನಕ್ಕೆ ಏನು ಏರ್ಪಾಡು? ನಿರ್ವಹಣೆಯನ್ನು ಅವರು ನೆಲಕ್ಕೇ ಕಟ್ಟಿಹಾಕಿದ್ದರು. ನಾವು ಅದನ್ನು ಟೆಂಡರ್‌ಗೆ ಬಿಟ್ಟಿದ್ದೇವೆ.

ಕಪ್ಪಗಲ್ಲಿನಲ್ಲಿ ಕಲ್ಲು ಗಣಿಗಾರಿಕೆ ಗುಡ್ಡದ ಒಂದಷ್ಟು ಭಾಗವನ್ನು ಈಗಾಗಲೇ ನುಂಗಿದೆ. ಅಲ್ಲಿನ ಬಂಡೆ ಕೆತ್ತನೆಗಳ ಬಗ್ಗೆ ಫಾಸೆಟ್ 1892ರಲ್ಲೇ ಬರೆದಿದ್ದ. ಅಂಥ ಬರಹಗಳು ಇರುವುದರಿಂದಲೇ ಏನು ಕಳೆದುಹೋಗುತ್ತಿದೆ ಎಂದು ಇವತ್ತು ಹೇಳಲು ಆಗುತ್ತಿದೆ. ಬರೆದಿಡದ ಗುಡ್ಡಗಳ ಗತಿ?

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಬಹಳ ಕಡೆ ಅದು ಬೀರುವಿನಲ್ಲಿ ಕೂತ ಫೈಲ್ ಅಷ್ಟೇ. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ಕೇಳಿ. ಊರ ಶಾಸನದಲ್ಲಿ ಏನಿದೆ, ಗೆಜೆಟಿಯರ್‌ನಲ್ಲಿ ಏನಿದೆ, ಕುರಿ ಕಾಯುವ ಅಜ್ಜ ಆ ಗುಡ್ಡಕ್ಕೆ ಏನಂತ ಕರೀತಾನೆ, ಎಲ್ಲವನ್ನೂ ಅದರಲ್ಲಿ ಸೇರಿಸಿ. ಗಣಿಗೆ, ಕಾರ್ಖಾನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಆ ಪುಟಗಳನ್ನು ಮೇಜಿನ ಮೇಲಿಡಿ. ಅಧಿಕಾರಿ ಪಹಣಿ ತೆಗೆದು ‘ಇದು ಖರಾಬು’ ಅಂದಾಗ, ‘ಯಾರಿಗೆ ಸಾರ್?’ ಅಂತ ಕೇಳಲು ಕೈಯಲ್ಲಿ ಕಾಗದ ಇರಬೇಕು.