ವಿಕಿರಣ ಚಿಕಿತ್ಸೆಯ ನಂತರದ ಕೆಮ್ಮು

ಕ್ಯಾನ್ಸರ್ ರೋಗಕ್ಕೆ ವಿಕಿರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ ‘ಕರೆಂಟು’, ಪೂರೈಸಿಕೊಂಡು ರೋಗಿಯು ಮನೆಗೆ ಮರಳಿದ ದಿನ ಕುಟುಂಬಕ್ಕೆಲ್ಲ ಹಬ್ಬವೇ ಸರಿ. ಕಮಲಾಪುರದಂತಹ ಊರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹುಬ್ಬಳ್ಳಿಯ ನವನಗರಕ್ಕೋ ಹೋಗಿ ವಾರಗಟ್ಟಲೆ ತಂಗಿದ್ದವರಿಗೆ ಈ ನೆಮ್ಮದಿ ಸಹಜವಾದುದು. ಆದರೆ ಒಂದರಿಂದ ಆರು ತಿಂಗಳೊಳಗೆ ಕೆಲವರಲ್ಲಿ ಒಣಕೆಮ್ಮು, ಏದುಸಿರು, ಸಣ್ಣ ಜ್ವರ ಕಾಣಿಸಿಕೊಳ್ಳುವುದುಂಟು. ಆಗ ಮನೆಮಂದಿ ನೆಗಡಿಯೆಂದು ಕಷಾಯ ಕೊಡುತ್ತಾರೆ. ಇಲ್ಲವೆ ರೋಗ ಮರಳಿತೆಂದು ಕಂಗೆಡುತ್ತಾರೆ. ಎರಡೂ ಅವಸರದ ತೀರ್ಮಾನಗಳು.

ಶ್ವಾಸಕೋಶ, ಸ್ತನ ಅಥವಾ ಅನ್ನನಾಳದ ಕ್ಯಾನ್ಸರಿಗೆ ಎದೆಯ ಮೇಲೆ ವಿಕಿರಣ ಹಾಯಿಸಿದಾಗ ಹೀಗಾಗಬಹುದು. ಇಂದಿನ ಯಂತ್ರಗಳು ಗಡ್ಡೆಗೇ ಗುರಿಯಿಡುತ್ತವೆ. ಚಿಕ್ಕ ಗಡ್ಡೆಯಾದರೆ ಹೆಚ್ಚಿನ ಪ್ರಮಾಣವನ್ನು ಐದರೊಳಗಿನ ಸರದಿಗಳಲ್ಲೇ ಮುಗಿಸುವ ಕ್ರಮವೂ ಬಂದಿದೆ. ಆದರೂ ಗದ್ದೆಗೆ ನೀರು ಹಾಯಿಸುವಾಗ ಬದುವಿನಾಚೆಯ ನೆಲವೂ ತುಸು ತೊಯ್ಯುವಂತೆ, ಸುತ್ತಲಿನ ಆರೋಗ್ಯವಂತ ಅಂಗಾಂಶಕ್ಕೂ ಕಿರಣ ತಾಗುತ್ತದೆ. ಅಲ್ಲಿನ ಗಾಳಿಗೂಡುಗಳ ಒಳಪದರವೂ ಸೂಕ್ಷ್ಮ ರಕ್ತನಾಳಗಳೂ ನೊಂದು ಉರಿಯೂತವಾಗುತ್ತದೆ. ಇದನ್ನು ವೈದ್ಯರು ‘ನ್ಯೂಮೊನೈಟಿಸ್’ ಎನ್ನುತ್ತಾರೆ. ಆರು ತಿಂಗಳ ನಂತರ ಆ ಭಾಗ ಕಲೆಗಟ್ಟಿ ಬಿಗಿಯಾಗಲೂಬಹುದು, ಅದು ‘ಫೈಬ್ರೋಸಿಸ್’. ಬಹುಮಂದಿಗೆ ಇದರ ತೊಂದರೆಯೇ ತಿಳಿಯದು. ಸ್ಕ್ಯಾನಿನಲ್ಲಷ್ಟೇ ನೆರಳು ಕಾಣುತ್ತದೆ. ಕೆಲವರಿಗೆ ಮಾತ್ರ ಉಸಿರಾಟವೇ ಕಷ್ಟವಾಗಿ ಪ್ರಾಣಕ್ಕೂ ಅಪಾಯವಾದೀತು.

ಚಿಕಿತ್ಸೆ ಕೊಟ್ಟವರು ದೂರದ ನಗರದಲ್ಲಿ. ಕೆಮ್ಮು ನೋಡುವವರು ಊರಿನ ವೈದ್ಯರು. ತೊಡಕಿರುವುದು ಇಲ್ಲಿಯೇ. ವಿಕಿರಣದ ಸಂಗತಿ ತಿಳಿಯದಿದ್ದರೆ ಅವರು ಇದನ್ನು ನ್ಯುಮೋನಿಯಾ ಎಂದೋ ಕ್ಷಯವೆಂದೋ ಬಗೆಯಬಹುದು. ಆದುದರಿಂದ ಯಾವ ಭಾಗಕ್ಕೆ, ಎಂದು, ಎಷ್ಟು ಸರದಿ ವಿಕಿರಣ ಪಡೆದಿರೆಂಬ ಕಾಗದವನ್ನು ಮೊದಲು ತೋರಿಸಿರಿ. ಚಿಕಿತ್ಸೆ ಪಡೆದ ಆಸ್ಪತ್ರೆಗೂ ತಿಳಿಸಿರಿ. ಕಫದ ಪರೀಕ್ಷೆಯನ್ನೂ ತಪ್ಪಿಸಬಾರದು. ಈ ಉರಿಯೂತಕ್ಕೆ ಕೊಡುವ ಸ್ಟಿರಾಯ್ಡ್ ಔಷಧಿಯು ಅಡಗಿದ್ದ ಕ್ಷಯವನ್ನು ಕೆರಳಿಸಬಲ್ಲದು.

ಸ್ಟಿರಾಯ್ಡ್ ಮಾತ್ರೆಯಿಂದ ಕೆಮ್ಮು ಬೇಗ ತಗ್ಗುವುದುಂಟು. ಹಾಗೆಂದು ತಾವಾಗಿಯೇ ನಿಲ್ಲಿಸಕೂಡದು. ವೈದ್ಯರು ವಾರಗಳ ಕಾಲ ಮೆಲ್ಲನೆ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ಉರಿಯೂತ ಮರುಕಳಿಸಬಹುದು. ಮಧುಮೇಹವುಳ್ಳವರು ಸಕ್ಕರೆಯ ಪ್ರಮಾಣವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು.

ಸಂಡೂರಿನ ಗಣಿಧೂಳಿನಲ್ಲಿ ದುಡಿದು ಶ್ವಾಸಕೋಶ ಬಳಲಿದವರು ಅದನ್ನು ವಿಕಿರಣಕ್ಕೆ ಮುನ್ನವೇ ವೈದ್ಯರಿಗೆ ಹೇಳಬೇಕು; ಮೊದಲೇ ಕಲೆಗಟ್ಟಿದ ಶ್ವಾಸಕೋಶಕ್ಕೆ ಅಪಾಯ ಹೆಚ್ಚು. ಮನೆಯಲ್ಲಿ ಬೀಡಿ ಸಿಗರೇಟು ಸಲ್ಲದು. ಕಬ್ಬಿನ ರವದಿ ಸುಡುವ ಹೊಗೆಯಿಂದ ರೋಗಿಯನ್ನು ದೂರವಿಡಿರಿ. ಪೂಜೆಯ ವೇಳೆ ಧೂಪ, ಊದುಬತ್ತಿಗಳನ್ನು ಬಿಟ್ಟರೆ ಲಿಂಗನಿಷ್ಠೆಗೆ ಕೊರತೆಯಾಗದು.

ಇನ್ನೊಂದು ಮಾತು. ಹೊರಗಿನ ಯಂತ್ರದಿಂದ ಪಡೆದ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಲು, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲು ಅಡ್ಡಿಯಿಲ್ಲ. ರೋಗಿಯನ್ನು ಬೇರೆ ಕೂರಿಸದಿರಿ. ಆದರೆ ಆಸ್ಪತ್ರೆಯ ಕಾಗದಗಳನ್ನು ಮನೆಯ ಹಕ್ಕುಪತ್ರದಷ್ಟೇ ಜೋಪಾನವಾಗಿ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಿಸಿರಿ.