‘31,000 ವಿಜ್ಞಾನಿಗಳೇ ಹೇಳಿದ್ದಾರೆ’: ಈ ಫಾರ್ವರ್ಡ್‌ನ ಹಿಂದೆ ಯಾರಿದ್ದಾರೆ?

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ‘ಭೂಮಿ ಬಿಸಿಯಾಗುತ್ತಿದೆ ಅನ್ನೋದು ಬರೀ ಸುಳ್ಳು, 31,000 ವಿಜ್ಞಾನಿಗಳೇ ಸಹಿ ಹಾಕಿದ್ದಾರೆ’ ಅಂತ. ಚಿಕ್ಕಪ್ಪ ಎಂಜಿನಿಯರ್. ಸಿಕ್ಕಿದ್ದನ್ನೆಲ್ಲ ನಂಬುವವರಲ್ಲ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ಸಂಖ್ಯೆ ಕಟ್ಟುಕಥೆಯಲ್ಲ. ಅದು 1998ರಲ್ಲಿ ಅಮೆರಿಕದಲ್ಲಿ ಶುರುವಾದ ‘ಆರೆಗಾನ್ ಪಿಟಿಷನ್’ ಎಂಬ ಸಹಿ ಸಂಗ್ರಹದ್ದು. ಆದರೆ ಸಹಿ ಹಾಕಲು ವಿಜ್ಞಾನಿಯಾಗಿರಬೇಕು ಅಂತೇನೂ ಇರಲಿಲ್ಲ. ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದಂಥ ವಿಷಯದಲ್ಲಿ ಒಂದು ಪದವಿ ಇದ್ದರೆ ಸಾಕಿತ್ತು. ಅಮೆರಿಕದಲ್ಲಿದ್ದಿದ್ದರೆ ಚಿಕ್ಕಪ್ಪನೂ ಆ ಲೆಕ್ಕದಲ್ಲಿ ‘ವಿಜ್ಞಾನಿ’! ಸಂಘಟಕರೇ ಕೊಟ್ಟ ವಿಂಗಡಣೆಯಲ್ಲಿ ಎಂಜಿನಿಯರುಗಳು ಸುಮಾರು 10,000, ಹವಾಮಾನಶಾಸ್ತ್ರದವರು 39. ಪರೀಕ್ಷೆ ಮಾಡಲೆಂದು ಯಾರೋ ಕಳಿಸಿದ ಪಾಪ್ ಗಾಯಕಿಯೊಬ್ಬರ ಹೆಸರೂ ಒಮ್ಮೆ ಪಟ್ಟಿಗೆ ನುಸುಳಿತ್ತು.

ಸಹಿ ಕೇಳಿ ಪತ್ರ ಬರೆದವರು ಫ್ರೆಡರಿಕ್ ಸೈಟ್ಜ್. ಹೆಸರಾಂತ ಭೌತವಿಜ್ಞಾನಿ, 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಪತ್ರದ ಜೊತೆಗಿದ್ದ ಲೇಖನವನ್ನು ಅಕಾಡೆಮಿಯ ಪತ್ರಿಕೆಯ ಲೇಖನದಂತೆಯೇ ಕಾಣುವ ಹಾಗೆ ಅಚ್ಚು ಮಾಡಿದ್ದರು. ಕೊನೆಗೆ ಅಕಾಡೆಮಿಯೇ ‘ಇದಕ್ಕೂ ನಮಗೂ ಸಂಬಂಧವಿಲ್ಲ’ ಎಂದು ಹೇಳಿಕೆ ಕೊಡಬೇಕಾಯಿತು. ಇದೇ ಸೈಟ್ಜ್ 1979ರಿಂದ ಒಂದು ದೊಡ್ಡ ಸಿಗರೇಟ್ ಕಂಪನಿಯ ಸಂಶೋಧನಾ ಹಣ ಹಂಚಲು ಸಲಹೆಗಾರರಾಗಿದ್ದರು.

ಸಿಗರೇಟ್ ಇಲ್ಲಿ ಸುಮ್ಮನೆ ಬಂದಿಲ್ಲ. ಧೂಮಪಾನದಿಂದ ಕ್ಯಾನ್ಸರ್ ಬರುವುದಿಲ್ಲ ಎಂದು ಸಾಬೀತು ಮಾಡಲು ಆ ಉದ್ಯಮಕ್ಕೆ ಆಗುತ್ತಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ‘ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ’ ಎಂಬ ಅನುಮಾನ ಜನರಲ್ಲಿ ಉಳಿದರೆ ಸಾಕಿತ್ತು. ಅನುಮಾನವೇ ನಮ್ಮ ಸರಕು ಎಂದು ಒಂದು ಕಂಪನಿಯ 1969ರ ಒಳಪತ್ರ ನೇರವಾಗಿಯೇ ಹೇಳುತ್ತದೆ. ಅದೇ ತಂತ್ರವನ್ನು ಆಮೇಲೆ ತೈಲ, ಕಲ್ಲಿದ್ದಲು ಉದ್ಯಮ ಎತ್ತಿಕೊಂಡಿತು. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970, 80ರ ದಶಕದಲ್ಲೇ ಮಾಡಿದ್ದ ತಾಪಮಾನದ ಅಂದಾಜುಗಳು ಬಹುಪಾಲು ನಿಜವಾಗಿವೆ ಎಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಒಳಗೆ ಗೊತ್ತಿತ್ತು, ಹೊರಗೆ ‘ಇನ್ನೂ ಖಚಿತವಿಲ್ಲ’ ಅನ್ನುತ್ತಿದ್ದರು.

ಸರಿ, ಓದಿದವರೂ ಯಾಕೆ ನಂಬುತ್ತಾರೆ? ಡಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಸುಮಾರು 1,500 ಅಮೆರಿಕನ್ನರನ್ನು ಪರೀಕ್ಷಿಸಿದರು. ವಿಜ್ಞಾನ, ಲೆಕ್ಕ ಚೆನ್ನಾಗಿ ಗೊತ್ತಿದ್ದವರು ಒಮ್ಮತಕ್ಕೆ ಹತ್ತಿರ ಬರಲಿಲ್ಲ; ತಂತಮ್ಮ ಗುಂಪಿನ ನಿಲುವಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರು. ನಾನೊಬ್ಬ ನಂಬಿದರೆ, ಬಿಟ್ಟರೆ ಹವಾಮಾನಕ್ಕೇನೂ ಆಗುವುದಿಲ್ಲ. ಗೆಳೆಯರ ಮುಂದೆ ಬೇರೆ ಮಾತಾಡಿದರೆ ಮಾತ್ರ ನಷ್ಟ ನನಗೇ. ಬುದ್ಧಿವಂತಿಕೆ ಆಗ ವಕೀಲನ ಕೆಲಸಕ್ಕೆ ನಿಲ್ಲುತ್ತದೆ.

ನಮ್ಮ ಕಡೆ ಎಳೆಯುವ ದಾರ ಬೇರೆ: ‘ನಾವು ಮುಂದೆ ಬರಬಾರದು ಅಂತ ಪಶ್ಚಿಮದವರು ಮಾಡಿದ ಪಿತೂರಿ.’ ಇದರೊಳಗಿನ ಸಿಟ್ಟು ಸುಳ್ಳಲ್ಲ. ಒಬ್ಬ ಅಮೆರಿಕನ್ ಸರಾಸರಿಯಲ್ಲಿ ಒಬ್ಬ ಭಾರತೀಯನ ಆರೇಳು ಪಟ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಆದರೆ ಖರ್ಚು ಯಾರು ಕೊಡಬೇಕು ಎಂಬ ಜಗಳ ಬೇರೆ, ಭೂಮಿ ಬಿಸಿಯಾಗುತ್ತಿದೆಯೇ ಎಂಬ ಪ್ರಶ್ನೆ ಬೇರೆ. ಮೊದಲನೆಯದರಲ್ಲಿ ನಮ್ಮ ವಾದ ನಿಲ್ಲಬೇಕಾದರೆ ಎರಡನೆಯದನ್ನು ಒಪ್ಪಲೇಬೇಕು. ಬಿಸಿಯೇ ಆಗುತ್ತಿಲ್ಲ ಅಂದಮೇಲೆ ಪರಿಹಾರ ಕೇಳುವುದು ಯಾತಕ್ಕೆ?

ಇದೇ ಪಿಟಿಷನ್ ಇಟ್ಟುಕೊಂಡು 2017ರಲ್ಲಿ ಒಂದು ಪ್ರಯೋಗ ನಡೆಯಿತು. ಹವಾಮಾನ ವಿಜ್ಞಾನಿಗಳಲ್ಲಿ 97% ಮಂದಿ ಒಪ್ಪುತ್ತಾರೆ ಎಂದು ತಿಳಿಸಿ, ಹಿಂದೆಯೇ ಪಿಟಿಷನ್ ತೋರಿಸಿದರೆ ಮೊದಲ ಮಾತಿನ ಪರಿಣಾಮ ಹೆಚ್ಚುಕಡಿಮೆ ಅಳಿಸಿಹೋಗುತ್ತಿತ್ತು. ‘ಹೀಗೊಂದು ಪಟ್ಟಿ ತೋರಿಸುತ್ತಾರೆ, ಅದರಲ್ಲಿರುವವರು ಇಂಥವರು’ ಎಂದು ಮೊದಲೇ ಹೇಳಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಎರಡೂ ರಾಜಕೀಯ ಪಕ್ಷದವರಲ್ಲೂ.

ಗ್ರೂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಎಲ್ಲರೆದುರು ಚಿಕ್ಕಪ್ಪನನ್ನು ತಿದ್ದಿದ್ದರೆ ಅವರ ವಕೀಲ ಎದ್ದು ನಿಲ್ಲುತ್ತಿದ್ದ. ಫೋನ್ ಮಾಡಿ ಆ 39ರ ಕಥೆ ಹೇಳಿದೆ. ನಕ್ಕು, ‘ಹಂಗಾರೆ ಉಳಿದೋರೆಲ್ಲ ನನ್ನಂಗೆ ಎಂಜಿನಿಯರುಗಳಾ?’ ಅಂದರು. ಮೆಸೇಜನ್ನು ಇನ್ನೂ ಅಳಿಸಿಲ್ಲ.