ತಂತಿಯಿಲ್ಲದ ಪಿಯಾನೊ

ಬೆಳಗಾವಿಯಿಂದ ಕೊಲ್ಹಾಪುರದ ದಿಕ್ಕಿಗೆ ಸಾಗುವ ಹೆದ್ದಾರಿಯ ಮೇಲೆ ಹುಕ್ಕೇರಿ ತಾಲೂಕಿನ ಯಮಕನಮರಡಿ ಸಿಗುತ್ತದೆ. ಈ ಊರಿನಲ್ಲಾಗಲಿ, ಅತ್ತಣ ಗೋಕಾಕ, ಮೂಡಲಗಿಗಳಲ್ಲಾಗಲಿ ಪಿಯಾನೊ ಇರುವ ಮನೆಯನ್ನು ಹುಡುಕಿ ಹೊರಟವನು ಬಹಳ ದೂರ ನಡೆಯಬೇಕಾದೀತು. ಪೇಟಿಯಿಲ್ಲದ ಭಜನಾ ಮಂಡಳಿಯನ್ನು ಹುಡುಕಿ ಹೊರಟವನೂ ಅಷ್ಟೇ ದೂರ ನಡೆಯಬೇಕು. ಹಾರ್ಮೋನಿಯಮ್ಮಿಗೆ ಆ ಸೀಮೆಯಲ್ಲಿ ಪೇಟಿಯೆಂದೇ ಹೆಸರು. ಕುಲಗೋಡ ತಮ್ಮಣ್ಣನವರಿಂದ ರೂಪುಗೊಂಡು, ಕೌಜಲಗಿ ನಿಂಗಮ್ಮನವರ ಕಂಠದಲ್ಲಿ ಮನೆಮಾತಾದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳಗಿನವರೆಗೆ ಕುಳಿತು ಕೇಳಿದ ಮಂದಿಗೆ ಪೇಟಿಯ ದನಿ ತಾಯಿನುಡಿಯಷ್ಟೇ ಪರಿಚಿತ.

ಇಂತಹ ಕಿವಿಯನ್ನು ಬಳುವಳಿಯಾಗಿ ಪಡೆದ ತರುಣನೊಬ್ಬನು ಇಂದು ಗಣಕಯಂತ್ರದ ಮುಂದೆ ಕುಳಿತು ರಾಗಸಂಯೋಜನೆಗೆ ತೊಡಗುತ್ತಾನೆ. ಜಾನಪದ ಗೀತೆಯೊಂದಕ್ಕೆ ಹೊಸ ಹಿನ್ನೆಲೆ ಬೇಕು. ಶಾಲೆಯ ಸ್ನೇಹಸಮ್ಮೇಳನದ ನಾಟಕಕ್ಕೆ ಸಂಗೀತ ಬೇಕು. ಗೆಳೆಯನ ಕಿರುಚಿತ್ರಕ್ಕೆ ಕರುಣರಸದ ನಾಲ್ಕು ಸಾಲು ಬೇಕು. ಅಲ್ಲಿ ಅವನಿಗೆ ಪಿಯಾನೊ ನೆನಪಾಗುತ್ತದೆ. ನಿಜವಾದ ಪಿಯಾನೊ ತರುವ ಮಾತೇ ಇಲ್ಲ. ಸಂಗೀತಸಭೆಯ ದೊಡ್ಡ ಪಿಯಾನೊ ಸುಮಾರು ಒಂಬತ್ತು ಅಡಿ ಉದ್ದ, ಐದು ಕ್ವಿಂಟಲ್‌ಗೆ ಸಮೀಪದ ತೂಕ. ಬೆಲೆಯೋ ಮನೆಯ ಬೆಲೆಯನ್ನು ಮೀರಿಸುವಂಥದು. ಗೋಡೆಗೆ ಒರಗಿಸಿಡುವ ಚಿಕ್ಕದನ್ನು ತಂದರೂ ಮಳೆಗಾಲದ ತೇವಕ್ಕೂ ಬೇಸಗೆಯ ಒಣಹವೆಗೂ ಅದರ ಶ್ರುತಿ ಜಾರುತ್ತದೆ; ಅದನ್ನು ಸರಿಪಡಿಸುವವರು ಹತ್ತಿರದಲ್ಲಿ ದೊರೆಯುವುದು ದುರ್ಲಭ. ಆದ್ದರಿಂದ ಅವನು ಅರಸುವುದು ತಂತಿಯಿಲ್ಲದ ಪಿಯಾನೊವನ್ನು, ಅಂದರೆ ಗಣಕದೊಳಗೆ ನೆಲೆಸಿ ಪಿಯಾನೊದಂತೆ ನುಡಿಯುವ ತಂತ್ರಾಂಶವನ್ನು.

ಅಂಗಡಿಯಲ್ಲಿ ಇವು ಹತ್ತಾರು ಬಗೆ. ಪುಕ್ಕಟೆಯಾಗಿ ಸಿಗುವವೂ ಉಂಟು. ತಿಂಗಳ ಸಂಬಳದ ದೊಡ್ಡ ಪಾಲನ್ನು ನುಂಗುವವೂ ಉಂಟು. ಪ್ರತಿಯೊಂದೂ ತಾನೇ ನಿಜವಾದ ಪಿಯಾನೊ ಎಂದು ಸಾರುತ್ತದೆ. ಹಣ ಕೊಡಬೇಕಾದ ತಂದೆಗೆ ಇದರಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವೇ ಇಲ್ಲ. ಮಗನಿಗೋ ಎಲ್ಲವೂ ಒಂದಕ್ಕಿಂತ ಒಂದು ಇಂಪು. ಹೀಗಿರುವಾಗ ಆಯ್ಕೆ ಮಾಡುವ ಬಗೆ ಹೇಗೆ?

ಮೊದಲು ಪಿಯಾನೊ ಎಂದರೇನೆಂಬುದನ್ನು ತಿಳಿಯಬೇಕು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಿ ಇದನ್ನು ರಚಿಸಿದನು. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಬೆರಳು ಮೆಲ್ಲನೆ ಒತ್ತಿದರೂ ಬಲವಾಗಿ ಒತ್ತಿದರೂ ದನಿಯಲ್ಲಿ ಹೆಚ್ಚಿನ ಭೇದವಿರಲಿಲ್ಲ. ಕ್ರಿಸ್ತೊಫೊರಿ ಮೀಟುವ ಬದಲು ಚಿಕ್ಕ ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ಏರ್ಪಾಡು ಮಾಡಿದನು. ಬೆರಳಿನ ವೇಗವೇ ಸುತ್ತಿಗೆಯ ವೇಗವಾಯಿತು. ಮೆಲುದನಿ ಗಟ್ಟಿದನಿ ಎರಡೂ ಬೆರಳ ತುದಿಗೆ ಬಂದವು. ಆ ಎರಡು ದನಿಗಳ ಇಟಾಲಿಯನ್ ಹೆಸರುಗಳಾದ ಪಿಯಾನೊ, ಫೋರ್ಟೆ ಎಂಬವೇ ಕೂಡಿ ವಾದ್ಯದ ಹೆಸರಾದವು. ಇಂದಿನ ಪಿಯಾನೊದಲ್ಲಿ 88 ಕೀಗಳು, ಸುಮಾರು 230 ತಂತಿಗಳು. ಒಂದನ್ನು ಹೊಡೆದಾಗ ಉಳಿದವುಗಳಲ್ಲಿ ಕೆಲವು ತಾವಾಗಿಯೇ ಮಿಡಿಯುತ್ತವೆ. ಕಾಲಿನ ಪೆಡಲನ್ನು ಒತ್ತಿದರೆ ಎಲ್ಲ ತಂತಿಗಳೂ ಬಿಡುಗಡೆಗೊಂಡು ಇಡೀ ವಾದ್ಯವೇ ಝೇಂಕರಿಸುತ್ತದೆ.

ಪೇಟಿಯ ಸ್ವಭಾವ ಬೇರೆ. ಅಲ್ಲಿ ಕೀಯನ್ನು ಎಷ್ಟು ರಭಸದಿಂದ ಒತ್ತಿದರೂ ದನಿ ಏರದು. ಏರಿಳಿತವೆಲ್ಲ ತಿದಿ ಹಾಕುವ ಎಡಗೈಯ ಅಧೀನ. ಗಾಳಿಯಿರುವವರೆಗೆ ಸ್ವರ ನಿಲ್ಲುತ್ತದೆ. ಪಿಯಾನೊದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸುತ್ತ ಹೋಗುತ್ತದೆ. ಆದುದರಿಂದ ಪೇಟಿಯ ಮೇಲೆ ಪಳಗಿದ ಕೈ ಪಿಯಾನೊ ತಂತ್ರಾಂಶವನ್ನು ನುಡಿಸಿ ನೋಡುವಾಗ, ತನಗೆ ಅರಿವಿಲ್ಲದಂತೆಯೇ ಎಲ್ಲ ಸ್ವರಗಳನ್ನೂ ಒಂದೇ ಬಲದಿಂದ ಒತ್ತುತ್ತದೆ. ಆಗ ಸಾಮಾನ್ಯ ತಂತ್ರಾಂಶವೂ ಉತ್ತಮ ತಂತ್ರಾಂಶವೂ ಒಂದೇ ಆಗಿ ಕೇಳಿಸುತ್ತವೆ. ಪರೀಕ್ಷೆಯಲ್ಲಿ ಮೋಸಹೋಗುವುದು ಇಲ್ಲಿಯೇ.

ಈ ತಂತ್ರಾಂಶಗಳನ್ನು ತಯಾರಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಮುದ್ರಣದ ಮಾರ್ಗ. ಒಳ್ಳೆಯ ಪಿಯಾನೊವೊಂದನ್ನು ಧ್ವನಿಮುದ್ರಣಾಲಯದಲ್ಲಿಟ್ಟು, ಒಂದೊಂದೇ ಕೀಯನ್ನು ಅತಿ ಮೆಲ್ಲನೆಯಿಂದ ಅತಿ ಜೋರಿನವರೆಗೆ ಹಲವು ಬಲಗಳಲ್ಲಿ ನುಡಿಸಿ ಮುದ್ರಿಸುತ್ತಾರೆ. 88 ಕೀಗಳನ್ನು ತಲಾ 16 ಬಲಗಳಲ್ಲಿ ಮುದ್ರಿಸಿದರೆ 1,408 ಮುದ್ರಣಗಳಾದವು. ಪೆಡಲ್ ಒತ್ತಿ ಒಮ್ಮೆ, ಒತ್ತದೆ ಒಮ್ಮೆ ಎಂದರೆ ಅದರ ಇಮ್ಮಡಿ. ಮೈಕ್ರೊಫೋನುಗಳನ್ನು ಬೇರೆ ಬೇರೆ ಸ್ಥಳಗಳಲ್ಲಿಟ್ಟರೆ ಮತ್ತಷ್ಟು. ಇದರಿಂದಲೇ ಇಂತಹ ಸಂಗ್ರಹಗಳು ಗಣಕದಲ್ಲಿ ಅಪಾರ ಸ್ಥಳ ಬೇಡುತ್ತವೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಯಮಾಹಾ ಸಿಎಫ್ಎಕ್ಸ್ ಪಿಯಾನೊವನ್ನು ಮುದ್ರಿಸಿ ಮಾಡಿದ ಗ್ಯಾರಿಟನ್ ಸಿಎಫ್ಎಕ್ಸ್ ಈ ಜಾತಿಯದು. 2016ರಲ್ಲಿ ಹೊರಬಂದ ಕೀಸ್ಕೇಪ್ ಎಂಬ ಸಂಗ್ರಹವೂ ಇದೇ ಜಾತಿ. ಅನೇಕ ಕೀವಾದ್ಯಗಳನ್ನೊಳಗೊಂಡ ಅದರ ಗಾತ್ರ 77 ಗಿಗಾಬೈಟ್.

ಎರಡನೆಯದು ಗಣಿತದ ಮಾರ್ಗ. ಇಲ್ಲಿ ಸ್ವರಗಳ ಮುದ್ರಣವನ್ನು ಕೂಡಿಡುವುದಿಲ್ಲ. ಸುತ್ತಿಗೆ ತಂತಿಗೆ ತಗುಲಿದಾಗ ಏನಾಗುತ್ತದೆ, ಹಲಗೆ ಹೇಗೆ ಕಂಪಿಸುತ್ತದೆ, ನೆರೆಯ ತಂತಿ ಹೇಗೆ ಮಿಡಿಯುತ್ತದೆ ಎಂಬುದನ್ನೆಲ್ಲ ಗಣಕವು ಆ ಕ್ಷಣದಲ್ಲಿಯೇ ಲೆಕ್ಕಹಾಕಿ ನಾದವನ್ನು ಹುಟ್ಟಿಸುತ್ತದೆ. ಫ್ರಾನ್ಸ್ ದೇಶದ ಮೊಡಾರ್ಟ್ ಸಂಸ್ಥೆಯು 2006ರಲ್ಲಿ ಹೊರತಂದ ಪಿಯಾನೊಟೆಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಗಿಗಾಬೈಟುಗಳ ಸಂಗ್ರಹಗಳ ಮುಂದೆ ಇದರ ಗಾತ್ರ ತೀರ ಅಲ್ಪ. ಆದರೆ ಲೆಕ್ಕದ ಕೆಲಸವೆಲ್ಲ ಗಣಕದ ಮಿದುಳಿನ ಮೇಲೆ ಬೀಳುತ್ತದೆ.

ಗೋಕಾಕದ ಕರದಂಟನ್ನು ಬಲ್ಲವರಿಗೆ ಈ ಭೇದ ಸುಲಭವಾಗಿ ತಿಳಿದೀತು. ಹೆಸರಾಂತ ಅಂಗಡಿಯಿಂದ ಕಟ್ಟಿಸಿ ತಂದ ಪೊಟ್ಟಣದಲ್ಲಿ ಆ ಅಂಗಡಿಯ ಆ ದಿನದ ರುಚಿಯೇ ಇರುತ್ತದೆ. ಅದರಲ್ಲಿ ಬೆಲ್ಲ ಹೆಚ್ಚಾಯಿತೆಂದರೆ ತೆಗೆಯುವಂತಿಲ್ಲ. ಮನೆಯಲ್ಲಿ ಅಂಟು, ಬೆಲ್ಲ, ಉತ್ತತ್ತಿ, ಗೋಡಂಬಿಗಳನ್ನು ಕೂಡಿಸಿ ಮಾಡಿಕೊಂಡದ್ದು ತನ್ನ ಬಾಯಿಗೆ ತಕ್ಕಂತೆ ಬರುತ್ತದೆ. ಆದರೆ ಅಂಗಡಿಯ ರುಚಿಯೇ ಬಂತೆಂದು ಎಲ್ಲರೂ ಒಪ್ಪಲಾರರು. ಮುದ್ರಣದ ಪಿಯಾನೊ ಮೊದಲನೆಯದರಂತೆ. ಗಣಿತದ ಪಿಯಾನೊ ಎರಡನೆಯದರಂತೆ. ಬಿಡಿ ಸ್ವರವನ್ನು ಕೇಳಿದಾಗ ಮುದ್ರಣದ ಮಾಧುರ್ಯ ಮನಸ್ಸನ್ನು ಸೆಳೆಯುವುದು ಹೆಚ್ಚು. ದೀರ್ಘಕಾಲ ನುಡಿಸಿದಾಗ ಬೆರಳಿನ ಸೂಕ್ಷ್ಮಗಳಿಗೆ ಗಣಿತದ ಪಿಯಾನೊ ಓಗೊಡುವುದು ಹೆಚ್ಚು ಎಂಬುದು ನುಡಿಸುವ ಅನೇಕರ ಅಭಿಪ್ರಾಯ. ಇವುಗಳಲ್ಲಿ ಮೇಲು-ಕೀಳೆಂಬ ತೀರ್ಪಿಲ್ಲ. ಆದರೆ ಗಾತ್ರ ಹಿರಿದಾದಷ್ಟೂ ನಿಜತ್ವ ಹಿರಿದೆಂಬುದು ಮಾತ್ರ ಭ್ರಮೆ. ಪಿಯಾನೊದ ಜೀವವಿರುವುದು ಬೆರಳಿಗೆ ಅದು ಕೊಡುವ ಉತ್ತರದಲ್ಲಿ.

ಆದ್ದರಿಂದ ಪರೀಕ್ಷೆಯೂ ಆ ಉತ್ತರದ ಪರೀಕ್ಷೆಯೇ ಆಗಬೇಕು. ಮೊದಲು ನಡುವಣ ಸ್ವರವೊಂದನ್ನು ಹಿಡಿದು, ಉಸಿರಿನಷ್ಟು ಮೆಲ್ಲನೆಯಿಂದ ಆರಂಭಿಸಿ ಮೆಟ್ಟಿಲೇರಿದಂತೆ ಬಲವನ್ನು ಏರಿಸಬೇಕು. ದನಿಯ ಪ್ರಮಾಣದೊಡನೆ ಬಣ್ಣವೂ ಮಂದದಿಂದ ಪ್ರಖರಕ್ಕೆ ತಿರುಗಬೇಕು. ನಡುವೆ ಎಲ್ಲಿಯೂ ಥಟ್ಟನೆ ಬೇರೊಂದು ವಾದ್ಯಕ್ಕೆ ಜಿಗಿದಂತೆ ಆಗಕೂಡದು. ಎರಡನೆಯದಾಗಿ, ಕೆಳಗಿನ ಮಂದ್ರಸ್ವರವೊಂದನ್ನು ಒತ್ತಿ ಹಿಡಿದು ಅದು ಪೂರ್ಣವಾಗಿ ಆರುವವರೆಗೆ ಕಾಯಬೇಕು. ನಿಜವಾದ ಪಿಯಾನೊದಲ್ಲಿ ಅದು ಬಹಳ ಹೊತ್ತು ಬದುಕಿ, ಬಣ್ಣ ಬದಲಿಸುತ್ತ ಸಾಯುತ್ತದೆ. ಕಳಪೆಯದರಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಸುತ್ತುವುದು ಕಿವಿಗೆ ಗೊತ್ತಾಗುತ್ತದೆ. ಮೂರನೆಯದಾಗಿ, ಮೇಲಿನ ಮೂರು ಸ್ವರಗಳನ್ನು ಸದ್ದಾಗದಂತೆ ಒತ್ತಿ ಹಿಡಿದು, ಕೆಳಗಿನ ಷಡ್ಜವನ್ನು ಒಮ್ಮೆ ಬಲವಾಗಿ ಹೊಡೆದು ಬಿಡಬೇಕು. ಹಿಡಿದ ತಂತಿಗಳು ಮೆಲ್ಲನೆ ಮರುದನಿಗೊಟ್ಟರೆ ಆ ತಂತ್ರಾಂಶದಲ್ಲಿ ಹುರುಳಿದೆ. ನಾಲ್ಕನೆಯದಾಗಿ, ಪೆಡಲನ್ನು ಅರ್ಧ ಒತ್ತಿ ನೋಡಬೇಕು. ಪೂರ್ಣ ಬಿಟ್ಟುದಕ್ಕೂ ಪೂರ್ಣ ಒತ್ತಿದುದಕ್ಕೂ ನಡುವೆ ಒಂದು ಸ್ಥಿತಿ ಇರಲೇಬೇಕು. ಇದಕ್ಕೆ ಪೆಡಲೂ ಅರ್ಧವನ್ನು ತಿಳಿಸಬಲ್ಲ ಜಾತಿಯದಾಗಿರಬೇಕು. ಬರಿಯ ಗುಂಡಿಯಂತಹ ಅಗ್ಗದ ಪೆಡಲಿನಿಂದ ಇದು ತಿಳಿಯದು.

ಬೆರಳಿನ ಮಾತು ಬಂದಾಗ ಕೀಬೋರ್ಡಿನ ಮಾತೂ ಬರಲೇಬೇಕು. 1983ರಲ್ಲಿ ನೆಲೆಗೊಂಡ ಮಿಡಿ ಎಂಬ ಏರ್ಪಾಡಿನಲ್ಲಿ ಕೀಯನ್ನು ಒತ್ತಿದ ವೇಗವು 1ರಿಂದ 127ರವರೆಗಿನ ಒಂದು ಅಂಕಿಯಾಗಿ ಗಣಕಕ್ಕೆ ತಲುಪುತ್ತದೆ. ಕೈಕೆಳಗಿನ ಕೀಗಳು ಆಟಿಕೆಯಂತೆ ಹಗುರಾಗಿದ್ದರೆ ನಡುವಣ ಅಂಕಿಗಳು ಕೈಗೆ ಹತ್ತುವುದಿಲ್ಲ. ಒಂದೋ ಪಿಸುಮಾತು, ಇಲ್ಲವೆ ಕೂಗು. ಆಗ ಎಂತಹ ಶ್ರೇಷ್ಠ ತಂತ್ರಾಂಶವೂ ನಿಷ್ಫಲ. ಮನೆಯಲ್ಲಿ ಹಣ ಮಿತವಾಗಿದ್ದರೆ ಅದರ ಹೆಚ್ಚಿನ ಪಾಲು ತೂಕವುಳ್ಳ ಕೀಗಳ ಕೀಬೋರ್ಡಿಗೆ ಸಲ್ಲಬೇಕು, ಉಳಿದುದು ತಂತ್ರಾಂಶಕ್ಕೆ. ತಂತ್ರಾಂಶವನ್ನು ನಾಳೆ ಬದಲಿಸಬಹುದು. ಕೈಗೆ ಅಂಟಿದ ಅಭ್ಯಾಸವನ್ನು ಬದಲಿಸುವುದು ಕಷ್ಟ.

ಕೀ ಒತ್ತಿದ ಗಳಿಗೆಗೂ ದನಿ ಕೇಳುವ ಗಳಿಗೆಗೂ ನಡುವಣ ವಿಳಂಬ ಇನ್ನೊಂದು ಕಂಟಕ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಸೆಕೆಂಡಿನ ನೂರನೆಯ ಒಂದು ಪಾಲು ತಡವಾಯಿತೆಂದರೆ ವಾದ್ಯವನ್ನು ಹನ್ನೊಂದು ಅಡಿ ದೂರವಿಟ್ಟು ನುಡಿಸಿದಂತೆ. ವೇದಿಕೆಯ ಆಚೆ ಕುಳಿತ ತಬಲಾದವನೊಡನೆ ಹೊಂದಿಕೊಳ್ಳುವವರಿಗೆ ಅದು ಸಹ್ಯ. ಅದರ ಐದಾರು ಪಟ್ಟಾದರೆ ಲಯವೇ ಕೈತಪ್ಪುತ್ತದೆ. ದೋಷ ಅನೇಕ ವೇಳೆ ತಂತ್ರಾಂಶದ್ದಲ್ಲ, ಗಣಕದ ಧ್ವನಿವ್ಯವಸ್ಥೆಯದು. ಸಂಗೀತಕ್ಕೆಂದೇ ಮಾಡಿದ ಸಣ್ಣ ಆಡಿಯೋ ಇಂಟರ್‌ಫೇಸ್ ಜೋಡಿಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಇನ್ನು ಶ್ರುತಿಯ ವಿಚಾರ. ಈ ಸೀಮೆಯ ಹಾಡುಗಾರಿಕೆಗೆ ಪಿಯಾನೊವನ್ನು ಬೆರೆಸಬೇಕೆನ್ನುವವರು ಇದನ್ನು ಮರೆಯುವಂತಿಲ್ಲ. ಪಿಯಾನೊದ ಸಪ್ತಕವು ಹನ್ನೆರಡು ಸಮಭಾಗಗಳಾಗಿ ಒಡೆದದ್ದು. ಅದರ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ, ಒಂದು ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಿದೆ. ಪೇಟಿಯ ಮೇಲೆ ಹೊರಿಸಿದ ಅಪವಾದಗಳಲ್ಲಿ ಇಂತಹ ಶ್ರುತಿದೋಷವೂ ಒಂದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದೆಂಬುದು ಮತ್ತೊಂದು. 1940ರಲ್ಲಿ ಆಕಾಶವಾಣಿ ಪೇಟಿಗೆ ಬಾಗಿಲು ಮುಚ್ಚಿತು. 1971ರಲ್ಲಿ ಅದು ಭಾಗಶಃ ತೆರೆಯಿತು. ಈ ನಡುವೆ ವಾದ್ಯದ ಮಾನವನ್ನು ಉಳಿಸಿದವರು ಅದನ್ನು ನುಡಿಸುವವರೇ. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಮಹಾಗಾಯಕರಿಗೆ ಸಾಥ್ ನೀಡುತ್ತ, ಶಿಷ್ಯರನ್ನು ತಯಾರಿಸುತ್ತ, ಆ ಪೆಟ್ಟಿಗೆಯನ್ನು ಹಾಡುವಂತೆ ಮಾಡಿದರು. ಪರದೇಶದಿಂದ ಬಂದ ವಾದ್ಯ ಆ ಸೀಮೆಯದಾದದ್ದು ಹಾಗೆ.

ಸಾಮಾನ್ಯ ಪೇಟಿಗೆ ಇಲ್ಲದ ಒಂದು ಅನುಕೂಲ ತಂತ್ರಾಂಶಕ್ಕಿದೆ. ಗಾಯಕನ ಷಡ್ಜ ಕರಿ ಎರಡಾಗಲಿ ಬಿಳಿ ನಾಲ್ಕಾಗಲಿ, ಒಂದು ಅಂಕಿ ಬದಲಿಸಿದರೆ ವಾದ್ಯವೇ ಅಲ್ಲಿಗೆ ಬಂದು ನಿಲ್ಲುತ್ತದೆ. ಕೆಲವು ತಂತ್ರಾಂಶಗಳಲ್ಲಿ ಗಾಂಧಾರವನ್ನಾಗಲಿ ಧೈವತವನ್ನಾಗಲಿ ಬಿಡಿಯಾಗಿ ಇಳಿಸಿಕೊಳ್ಳಲೂ ಬರುತ್ತದೆ. ಪಿಯಾನೊಟೆಕ್‌ನಲ್ಲಿಯೂ ಆ ಸೌಕರ್ಯವಿದೆ, ಆದರೆ ಅದರ ಎಲ್ಲ ದರ್ಜೆಗಳಲ್ಲಿಯೂ ಅಲ್ಲ. ಹಾಡಿಗೆಂದೇ ಕೊಳ್ಳುವವರು ಈ ಗುಣವನ್ನು ಮೊದಲೇ ವಿಚಾರಿಸುವುದು ಲೇಸು.

ಹಣ ಬಿಚ್ಚುವ ಮುನ್ನ ಪುಕ್ಕಟೆಯದನ್ನು ಬಳಸಿ ನೋಡುವುದರಲ್ಲಿ ಅವಮಾನವೇನೂ ಇಲ್ಲ. ಸಾಲಮಾಂಡರ್ ಎಂಬ ಪುಕ್ಕಟೆ ಸಂಗ್ರಹದಲ್ಲಿ ಯಮಾಹಾ ಸಿ5 ಪಿಯಾನೊವನ್ನು 16 ಬಲಗಳಲ್ಲಿ ಮುದ್ರಿಸಲಾಗಿದೆ. ಕೀಗಳನ್ನೆಲ್ಲ ಮುದ್ರಿಸದೆ ಮೂರಕ್ಕೊಂದರಂತೆ ಮುದ್ರಿಸಿ, ನಡುವಣವನ್ನು ಅವುಗಳಿಂದಲೇ ಹೊಂದಿಸಿದ್ದಾರೆ; ಆದರೂ ಕಲಿಯುವವನಿಗೆ ಅದು ಧಾರಾಳ ಸಾಕು. ಪಿಯಾನೊಟೆಕ್‌ನವರು ಪರೀಕ್ಷೆಗೆಂದು ಕೊಡುವ ಪ್ರತಿಯಲ್ಲಿ ಕೆಲವು ಕೀಗಳು ಮೂಕವಾಗಿರುತ್ತವೆ, ಒಂದೊಂದು ಸಲಕ್ಕೆ ಸಮಯದ ಮಿತಿಯೂ ಉಂಟು; ಆದರೆ ಬೆರಳಿಗೆ ಅದು ಕೊಡುವ ಉತ್ತರವನ್ನು ಅಳೆಯಲು ಅಷ್ಟು ಸಾಕು. ಕದ್ದ ಪ್ರತಿಗಳ ಆಸೆಗೆ ಬೀಳುವುದು ಮಾತ್ರ ಬೇಡ. ಅವುಗಳೊಡನೆ ಗಣಕಕ್ಕೆ ರೋಗ ಹೊಕ್ಕೀತು. ಅದಕ್ಕಿಂತ ಮಿಗಿಲಾಗಿ, ನಾಳೆ ತನ್ನ ಹಾಡಿಗೆ ಬೆಲೆ ಕೇಳಬೇಕಾದವನು ಇಂದು ಇನ್ನೊಬ್ಬನ ಶ್ರಮಕ್ಕೆ ಬೆಲೆ ಕೊಡದಿರುವುದು ಶೋಭಿಸದು.

ಮತ್ತೊಂದು ಎಚ್ಚರಿಕೆ. ಪಿಯಾನೊವನ್ನು ಒಂಟಿಯಾಗಿ ಕೇಳಿ ಆರಿಸಿದರೆ ಸಾಲದು. ಕಟ್ಟುತ್ತಿರುವ ಹಾಡಿನೊಳಗೆ, ತಬಲಾ ಮತ್ತು ಕಂಠದ ಜೊತೆಯಲ್ಲಿಟ್ಟು ಕೇಳಬೇಕು. ಏಕಾಂತದಲ್ಲಿ ಭವ್ಯವಾಗಿ ಕೇಳಿದ್ದು ಮೇಳದಲ್ಲಿ ಗಾಯಕನ ದನಿಯನ್ನೇ ಮುಚ್ಚಿಹಾಕಬಹುದು. ಬಡಕಲೆಂದು ತೋರಿದ್ದು ಅಲ್ಲಿ ಅಚ್ಚುಕಟ್ಟಾಗಿ ಕೂಡಬಹುದು.

ಕೊನೆಗೆ ಎರಡು ಮೂರು ಉಳಿದುಕೊಂಡರೆ, ಒಂದೇ ಹಾಡನ್ನು ಒಂದೊಂದರಲ್ಲಿಯೂ ನುಡಿಸಿ ಮುದ್ರಿಸಿ, ಹೆಸರು ಹೇಳದೆ, ಬೆಲೆ ಹೇಳದೆ, ಊರಿನ ಹಿರಿಯ ಪೇಟಿ ವಾದಕರೊಬ್ಬರ ಮುಂದಿಟ್ಟು ಕೇಳಿಸಬೇಕು. ಅವರು ಪಿಯಾನೊವನ್ನು ಜನ್ಮದಲ್ಲಿ ಮುಟ್ಟಿರಲಿಕ್ಕಿಲ್ಲ. ಆದರೆ ಸ್ವರಕ್ಕೆ ಉಸಿರಿದೆಯೋ ಇಲ್ಲವೋ ಎಂಬುದನ್ನು ಅರುವತ್ತು ವರ್ಷ ತಿದಿ ಹಾಕಿದ ಕೈ ತಟ್ಟನೆ ಗುರುತಿಸುತ್ತದೆ. ಆ ಹಿರಿಯರು ತಲೆದೂಗಿದ್ದನ್ನು ತರುಣನು ನೆಚ್ಚಿ ಕೊಳ್ಳಬಹುದು. ಅವರು ಯಾವುದಕ್ಕೂ ತಲೆದೂಗದಿದ್ದರೆ, ತಂತ್ರಾಂಶವನ್ನು ಬದಲಿಸುವ ಮುಂಚೆ ಇನ್ನೂ ಆರು ತಿಂಗಳು ಎರಡೂ ಕೈಗಳ ಸಾಧನೆ ಮಾಡುವುದು ಒಳಿತು. ಅದಕ್ಕೆ ಮನೆಯವರಿಂದ ಹಣವನ್ನೇನೂ ಕೇಳಬೇಕಾಗಿಲ್ಲ.